ಬಟ್ಟೆಗಂಟು ಹೊತ್ತವಳು

"ಇವಳನ್ನ ಹೊರಗೆ ಕೂರಿಸು ಸೆರ್ವಕ್ಕ, ಬೆವರು ನಾತ," ಎಂದು ಬಟ್ಟೆ ವ್ಯಾಪಾರಿ ಕ್ವಾರ್ಟೆಂಗ್ ಮೂಗು ಮುಚ್ಚಿಕೊಂಡಾಗ, ಹೋಟೆಲಿನ ಬೆಂಚಿನ ಮೇಲೆ ಅವನ ಪಕ್ಕದಲ್ಲಿ ಉಣ್ಣುತ್ತಿದ್ದ ಲಾಮಿಸಿಯ ಕೈ ಬಟ್ಟಲಲ್ಲೇ ನಿಂತಿತು. ಕುಮಾಸಿ ಪೇಟೆಯಿಂದ ಅವನ ಬಟ್ಟೆಗಂಟನ್ನು ಈಗಷ್ಟೇ ಕೂಲಿಗೆ ತಲೆಯ ಮೇಲೆ ಹೊತ್ತು ತಂದವಳು ಅವಳೇ.

"ಆ ಗಂಟು ಬಿಚ್ಚಿ ಮೂಸಿ ನೋಡಣ್ಣ," ಎಂದಳು, ಕೂತಲ್ಲಿಂದ ಏಳದೆ. "ಅದರಲ್ಲೂ ನನ್ನ ಬೆವರೇ ಇದೆ. ನಾಳೆ ಅದನ್ನೇ ಹೊಸಾ ಬಟ್ಟೆ ಅಂತ ಮಾರ್ತೀಯಲ್ಲ?"

ಬೆಂಚಿನವರೆಲ್ಲ ಉಣ್ಣುವುದನ್ನು ನಿಲ್ಲಿಸಿದರು. ಕ್ವಾರ್ಟೆಂಗ್ ಒಡತಿ ಸೆರ್ವಾಳ ಮುಖ ನೋಡಿದ. ಅವಳು ಅವನ ಮುಂದಿದ್ದ ಸಾರಿನ ಬಟ್ಟಲನ್ನೆತ್ತಿ ಹೊರಗಿನ ಕಟ್ಟೆಯ ಮೇಲಿಟ್ಟು ಬಂದಳು. "ಗಾಳಿ ಅಲ್ಲಿ ಚೆನ್ನಾಗಿದೆ, ಹೋಗಿ," ಎಂದಳು.

ಲಾಮಿಸಿ ಕೂತಲ್ಲೇ ಫುಫು ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನುಂಗಿದಳು.