ಅವ್ವನ ಉತ್ತರ

ನೀಲಾಂಬಿಕಾ ತನ್ನ ಮದುವೆಗೆ ತಾನೇ ಒಂದು ವೆಬ್‌ಸೈಟ್ ಬರೆದಿದ್ದಳು. ಅತಿಥಿಗಳು ಬರುತ್ತಾರೋ ಇಲ್ಲವೋ ಎಂದು ಅದರಲ್ಲೇ ಒತ್ತಿ ತಿಳಿಸಬೇಕಿತ್ತು. ಮದುವೆ ಒಪ್ಪದೆ ಮಾತು ಬಿಟ್ಟಿದ್ದ ಅವ್ವ ಅದರಲ್ಲಿ 'ಬರುತ್ತೇನೆ' ಎಂದು ಒತ್ತಿದ್ದು ಕಂಡು ನೀಲಾಂಬಿಕಾ ಖುಷಿಯಿಂದ ಅತ್ತುಬಿಟ್ಟಳು. ಮರುದಿನ ಅದು 'ಬರುವುದಿಲ್ಲ' ಎಂದಾಗಿತ್ತು.

"ನನ್ನ ಕೋಡ್‌ನಾಗ ಏನೋ ತಪ್ಪೈತಿ," ಎಂದಳು.

"ಕೋಡ್‌ನಾಗ ಏನಿಲ್ಲ. ನಿಮ್ಮವ್ವನ ಮನಸ್ಸು ತಿರುಗೇತಿ," ಎಂದ ಅವಳನ್ನು ಮದುವೆಯಾಗಲಿದ್ದ, ಸೈಟಿನ ಅತಿಥಿ ಪಟ್ಟಿಯನ್ನು ಅವಳ ಜೊತೆ ನೋಡಿಕೊಳ್ಳುತ್ತಿದ್ದ ಚನ್ನವೀರ. "ನಾನ ಹೋಗಿ ಕಾಲು ಹಿಡದ್ರೂ ಬಾಗಲಾ ಹಾಕ್ಕೊಂಡ್ರು. ಇನ್ನ ಬಿಟ್ಟಬಿಡು."

ಅವಳಿಗೆ ಬಿಡಲಾಗಲಿಲ್ಲ. ಪ್ರೋಗ್ರಾಮಿನಲ್ಲಿ ಒಬ್ಬೊಬ್ಬ ಅತಿಥಿಯೂ ಒಂದೊಂದು ಆಬ್ಜೆಕ್ಟ್, ಅಂದರೆ ಹೆಸರು, ಉತ್ತರ ಎಲ್ಲ ಸೇರಿದ ಒಂದು ಘಟಕ. ಅವ್ವನ ಆಬ್ಜೆಕ್ಟ್‌ಗೆ ಮಾತ್ರ, ತಪ್ಪು ಹುಡುಕಲು ಪ್ರತಿ ಬದಲಾವಣೆಯನ್ನೂ ಬರೆದಿಡುವ ಡೀಬಗ್ ಲಾಗ್ ಹಾಕಿದಳು. ಉತ್ತರ ಬದಲಾದರೆ ಬದಲಿಸಿದವರ ಹೆಸರೂ ಅದರಲ್ಲಿ ದಾಖಲಾಗುತ್ತಿತ್ತು.

ಅವ್ವ ಮತ್ತೆ 'ಬರುತ್ತೇನೆ' ಎಂದು ಒತ್ತಿದಳು. ಸಂಜೆಯೊಳಗೆ ಅದು ಮತ್ತೆ 'ಬರುವುದಿಲ್ಲ' ಆಯಿತು. ನೀಲಾಂಬಿಕಾ ಲಾಗ್ ತೆರೆದಳು. ಬದಲಿಸಿದವರು ಎಂಬಲ್ಲಿ ಚನ್ನವೀರನ ಹೆಸರಿತ್ತು.