ಫ್ರೀಜರಿಗೆ ವಿಶ್ರಾಂತಿ

ದಸರಾ ರಜೆ ಮುಗಿಸಿ ಹಾಸನದ ಕಾಲೇಜಿಗೆ ಬಂದ ಉಪನ್ಯಾಸಕಿ ಹಂಸ, ಪ್ರಾಣಿಶಾಸ್ತ್ರ ವಿಭಾಗದ ಫ್ರೀಜರಿನ ಬಾಗಿಲು ಎಳೆದಳು. ಮುಖಕ್ಕೆ ತಣ್ಣನೆಯ ಗಾಳಿ ಬಡಿಯಲಿಲ್ಲ. ಮುಗ್ಗುಲು ವಾಸನೆ ಬಡಿಯಿತು.

ಬಾಗಿಲ ಮೇಲೆ ವಿಭೂತಿಯ ಮೂರು ಪಟ್ಟೆ, ನಡುವೆ ಕುಂಕುಮ, ಹಿಡಿಕೆಗೆ ಬಾಡಿದ ಚೆಂಡುಹೂವಿನ ಸರ. ರಜೆಗೆ ಮುಂಚೆ ಅವಳು ಸ್ವಿಚ್ಚಿನ ಪಕ್ಕದಲ್ಲಿ ‘ಆರಿಸಬೇಡಿ’ ಎಂದು ಚೀಟಿ ಅಂಟಿಸಿದ್ದಳು. ಸಮಾಧಾನವಾಗದೆ, ಗೇಟಿನ ತನಕ ಹೋದವಳು ವಾಪಸು ಬಂದು ಇನ್ನೊಮ್ಮೆ ನೋಡಿಹೋಗಿದ್ದಳು. ಚೀಟಿ ಈಗಲೂ ಅಲ್ಲೇ ಇತ್ತು. ಅದಕ್ಕೂ ಕುಂಕುಮ ಇಟ್ಟಿದ್ದರು. ಸ್ವಿಚ್ಚು ಆರಿತ್ತು.

“ಯಾರು ಆರಿಸಿದ್ದು, ದ್ಯಾವಯ್ಯ?”

“ನಾನೇ ಕಣ್ರಮ್ಮ,” ಎಂದ ಅಟೆಂಡರ್ ದ್ಯಾವಯ್ಯ. “ಆಯುಧಪೂಜೆ ಅಲ್ವರಾ? ಎಲ್ಲಾ ಮಿಷಿನ್‌ಗೂ ರೆಸ್ಟ್ ಕೊಡ್ಲಾ ಅಂದ್ರು ದೊಡ್ ಸಾರು. ನಿಮ್ ಚೀಟಿ ತೋರುಸ್ದೆ. ದ್ಯಾವ್ರಿಗಿಂತ ಚೀಟಿ ದೊಡ್ದೇನ್ಲಾ ಅಂದ್ಬುಟ್ರು. ಆಮ್ಯಾಕೆ ರಜ, ಹಾಕೋಕೆ ಯಾರೂ ಬರ್ನಿಲ್ಲ.”

ಹಂಸ ಸಣ್ಣ ನಳಿಕೆಗಳ ತಟ್ಟೆಯನ್ನು ಹೊರಗೆಳೆದಳು. ಒಂದೊಂದು ನಳಿಕೆಯಲ್ಲೂ ಚಿಟ್ಟೆಯ ಒಂದು ಕಾಲು. ಶಾಂತಿಗ್ರಾಮದ ಬೇಲಿಯ ಈಶ್ವರಿ ಬಳ್ಳಿಯಲ್ಲಿ ಹುಟ್ಟುತ್ತಿದ್ದ, ಕೆಂಪು ಮೈಯ ಕಪ್ಪು ಚಿಟ್ಟೆಗಳವು. ಉಸಿರು ಬಿಗಿಹಿಡಿದು ಒಂದೊಂದನ್ನೇ ಹಿಡಿದು, ಒಂದೇ ಒಂದು ಕಾಲು ತೆಗೆದುಕೊಂಡು ಹಾರಲು ಬಿಟ್ಟಿದ್ದಳು. ಆ ಕಾಲುಗಳ ಡಿಎನ್‌ಎಯನ್ನು ಕೊರವಂಗಲದ ಚಿಟ್ಟೆಗಳ ಡಿಎನ್‌ಎ ಜೊತೆ ಹೋಲಿಸಿದರೆ ಎರಡೂ ಒಂದೇ ವಂಶವೋ ಅಲ್ಲವೋ ತಿಳಿಯುತ್ತಿತ್ತು. ಒಂದೇ ಆದರೆ ಅಲ್ಲಿಯವನ್ನು ತಂದು ಶಾಂತಿಗ್ರಾಮದಲ್ಲಿ ಮತ್ತೆ ಬೆಳೆಸಬಹುದಿತ್ತು. ಕಾಲುಗಳನ್ನು ತಂದಿಟ್ಟ ಮೇಲೆ ಅಲ್ಲಿ ರಸ್ತೆ ಅಗಲವಾಗಿ, ಬೇಲಿ ಬುಡಸಮೇತ ಹೋಗಿತ್ತು. ಚಿಟ್ಟೆಗಳೂ ಹೋಗಿದ್ದವು. ಉಳಿದಿದ್ದದ್ದು ಈ ಕಾಲುಗಳು. ಅವಕ್ಕೀಗ ಬೂಷ್ಟು ಹಿಡಿದಿತ್ತು.

ತಟ್ಟೆಯನ್ನು ಹಾಗೇ ಒಯ್ದು ವಿಭಾಗದ ಮುಖ್ಯಸ್ಥ ಗೌರೀಶಂಕರರ ಮೇಜಿನ ಮೇಲಿಟ್ಟಳು.

“ಬನ್ನಿ ಮೇಡಂ, ಕಡಲೆಪುರಿ ತಗೊಳ್ಳಿ, ಪೂಜೆ ಪ್ರಸಾದ,” ಎಂದರು ಅವರು. ತಟ್ಟೆ ನೋಡಿ, “ಅಯ್ಯೋ, ಇಷ್ಟೇನಾ? ಇನ್ನೊಂದಿಷ್ಟು ಹಿಡ್ಕೊಂಡು ಬಂದ್ರಾಯ್ತು.”

“ಇನ್ನೊಂದಿಷ್ಟು ಇಲ್ಲ ಸಾರ್. ಮುಗಿದುಹೋದವು.”

“ಹೋಗ್ಲಿ ಬಿಡಿ. ನಾವು ಮದುವೆಗೆ ಗೋತ್ರ ಕೇಳಿದ್ರೆ, ನೀವು ಚಿಟ್ಟೆಗೂ ಕೇಳ್ತಾ ಕೂತ್ರಿ!” ತಮ್ಮ ಮಾತಿಗೆ ತಾವೇ ನಕ್ಕರು. “ವರ್ಷಕ್ಕೊಂದ್ಸಲ ಯಂತ್ರಕ್ಕೂ ವಿಶ್ರಾಂತಿ ಬೇಡ್ವೇನ್ರಿ? ನಮ್ಮನೇಲೂ ಅಷ್ಟೇ. ಸ್ಕೂಟರು, ಮಿಕ್ಸಿ, ಟೀವಿ, ಎಲ್ಲಾದಕ್ಕೂ ಪೂಜೆ ಮಾಡಿ ಇಟ್ಬಿಟ್ರೆ ಮಾರನೇ ದಿನದ ತನಕ ಯಾರೂ ಮುಟ್ಟೋ ಹಾಗಿಲ್ಲ.”

ಹಂಸ ನಾಲಿಗೆಯ ತುದಿಗೆ ಬಂದ ಮಾತುಗಳನ್ನೆಲ್ಲ ನುಂಗಿ, ಒಂದನ್ನು ಮಾತ್ರ ಉಳಿಸಿಕೊಂಡಳು.

“ಫ್ರಿಜ್ಜು ಸಾರ್?”

“ಏನು?”

“ನಿಮ್ಮನೆ ಫ್ರಿಜ್ಜೂ ಆರಿಸಿದ್ರಾ?”

“ಒಳ್ಳೇ ಕಥೆ!” ಗೌರೀಶಂಕರರು ಹಿಡಿ ಪುರಿ ಬಾಯಿಗೆ ಹಾಕಿಕೊಂಡರು. “ಅದನ್ನ ಆರಿಸೋಕಾಗುತ್ತೇನ್ರಿ? ಹಾಲು ಒಡೆದುಹೋಗಲ್ವೆ?”