ಬ್ರೇಕ್ ಡ್ರಮ್ಮಿಗೆ ಒಂದು ಹಂಡೆ ಬಿಸಿನೀರು

ಇವತ್ತು ಬೆಳಿಗ್ಗೆ ಒಂದರೊಳಗೊಂದು ಸಿಕ್ಕಿಕೊಂಡ ಸ್ಟೀಲ್ ಲೋಟಗಳನ್ನು ಬಿಡಿಸುವಾಗ, ರಾಜಾಜಿನಗರದ ನಮ್ಮ ಮನೆಯ ಮುಂದಿನ ಆ ಮಧ್ಯಾಹ್ನ ನೆನಪಾಯಿತು.

ತಾತನ ಹಳೆಯ ಕಾರಿನ ಹಿಂದಿನ ಚಕ್ರ ಬಿಗಿದುಕೊಂಡು ವರ್ಷಗಳಾಗಿದ್ದವು. ಸಂಜೆಯೊಳಗೆ ಅದು ತಿರುಗದಿದ್ದರೆ ಕಾರನ್ನು ಗುಜರಿಗೆ ಕೊಡುವುದೆಂದು ದೊಡ್ಡಪ್ಪ ತೀರ್ಮಾನಿಸಿದ್ದರು. ಚಕ್ರವನ್ನೇನೋ ಕಳಚಿದ್ದಾಗಿತ್ತು. ಅದರ ಹಿಂದೆ ಬಾಣಲೆಯಂತೆ ಕೂತಿದ್ದ ಬ್ರೇಕ್ ಡ್ರಮ್ ಮಾತ್ರ ತುಕ್ಕು ಹಿಡಿದು ಅಲ್ಲಾಡುತ್ತಿರಲಿಲ್ಲ; ಅದು ಕಳಚದೆ ಅಚ್ಚು ತಿರುಗುವಂತಿರಲಿಲ್ಲ. ಬೆಳಗಿನಿಂದ ಅದಕ್ಕೆ ಸೀಮೆಎಣ್ಣೆ ಕುಡಿಸಿ ಸಾಕಾಗಿದ್ದ ಕಾಮಾಕ್ಷಿಪಾಳ್ಯದ ಮೆಕ್ಯಾನಿಕ್ ಬಾಬಣ್ಣ ದೊಡ್ಡ ಸುತ್ತಿಗೆ ಎತ್ತಿದರು.

"ಬೇಡ ಬಾಬಣ್ಣ, ಒಡೆದ್ರೆ ಇನ್ನೊಂದು ಎಲ್ಲೂ ಸಿಗಲ್ಲ," ಎಂದು ಅಪ್ಪ ಅಡ್ಡ ನಿಂತರು.

"ಮತ್ತೇನ್ ಸಾರ್, ಮಂಗಳಾರತಿ ಎತ್ಲಾ?"

ಬಾಗಿಲಲ್ಲಿದ್ದ ಅಮ್ಮ, "ಲೋಟ ಸಿಕ್ಕಾಕೊಂಡ್ರೆ ಹೊರಗಿನ ಲೋಟಕ್ಕೆ ಬಿಸಿನೀರು ಹಾಕ್ತೀವಲ್ಲ, ಹಂಗೇ ಮಾಡಿ ನೋಡಿ," ಎಂದರು.

ಬಾಬಣ್ಣ ನಕ್ಕರು. ಆಮೇಲೆ ನಗು ನಿಲ್ಲಿಸಿ, "ಒಂದ್ ಹಂಡೆ ಕಾಯ್ಸಿ ಅಕ್ಕ," ಎಂದರು.

ಕುದಿನೀರು ಬಿದ್ದದ್ದೇ ಸೀಮೆಎಣ್ಣೆ ವಾಸನೆಯ ಹಬೆ ಮುಖಕ್ಕೆ ಹೊಡೆಯಿತು. ಬಾಬಣ್ಣ ಮರದ ಕೊಡತಿಯಿಂದ ಸುತ್ತಲೂ ಮೆಲ್ಲಗೆ ತಟ್ಟಿದರು. ಟಣ್ ಎಂದಿತು. ಕೂದಲೆಳೆಯಷ್ಟು ಸಂದು ಕಾಣಿಸಿತು.

"ಬಂತು, ಬಂತು!" ಎಂದು ನಾನು ಕುಣಿದೆ.

"ಸುಮ್ನಿರೇ, ಕಾಲ್ಮೇಲೆ ಬಿದ್ದಾತು!" ಎಂದು ಅಮ್ಮ ಗದರಿದರು.

ಡ್ರಮ್ ಒಂದು ಬಿರುಕೂ ಇಲ್ಲದೆ ಈಚೆ ಬಂತು. ಅಪ್ಪ ಅದನ್ನು ಗೋಣಿಚೀಲದಲ್ಲಿ ಸುತ್ತಿ ಮಗುವಿನಂತೆ ಎತ್ತಿಕೊಂಡರು.

ಅಷ್ಟರಲ್ಲಿ ಗುಜರಿಯವರ ಗಾಡಿ ಗೇಟಿನ ಮುಂದೆ ಬಂದು ನಿಂತಿತು. ದೊಡ್ಡಪ್ಪ ಬಗ್ಗಿ ಚಕ್ರದ ಅಚ್ಚನ್ನು ಕೈಯಿಂದ ತಿರುಗಿಸಿದರು. ಸಲೀಸಾಗಿ ತಿರುಗಿತು. ಇನ್ನೊಂದು ಸಲ ತಿರುಗಿಸಿ, ಅಮ್ಮನ ಕಡೆ ನೋಡಿದರು.

"ಬಂದವರಿಗೆ ಕಾಫಿ ಕೊಟ್ಟು ಕಳ್ಸಮ್ಮ."